ಒಲೆ, ಓಲೆ

ನನ್ನ ಕೇಂದ್ರದೊಳಗ ಒಂಬತ್ತು ಸಾಲಿ.
ಒಂಬತ್ತೂ ಕೂಡಿ ನನ್ನ ಗಾಡಿಯ ಡಿಕ್ಕಿಯೊಳಗ ಹಿಡಸ್ತಾವ:
ಹಾಜರಿಯ ಗೋಷ್ವಾರೆ, ಅಕ್ಕಿಯ ಲೆಕ್ಕ, ಸಾಬಾಣದ ರಸೀದಿ,
ಒಂದು ಶಿಕ್ಕಾ.
ಶಿಕ್ಕಾದ ಮ್ಯಾಲ ಮರಾಠಿಯೊಳಗ ನನ್ನ ಹುದ್ದೆ.
ತಲಿಕೆಳಗ ಒತ್ತಿದರ ಅದು ಯಾವ ಭಾಷಾನೂ ಅಲ್ಲ.

ಉಮದಿ ದಾಟಿ, ಡಾಂಬರು ಸಾಕಾಗಿ ನಿಂತಲ್ಲಿ
ಒಂಬತ್ತನೇದು, ಕಣಬರ ವಸ್ತಿ.
ಎರಡು ಖೋಲಿ, ಒಂದು ಬೇವು,
ಪಟದ ಮ್ಯಾಲ ಹದಿಮೂರು ಮಕ್ಕಳು.
ಅದರಾಗ ಮೂರು, ಕಬ್ಬಿನ ಹಂಗಾಮಿಗೆ
ಅವ್ವ ಅಪ್ಪನ ಕೂಡ ಟ್ರ್ಯಾಕ್ಟರ್ ಏರ್ತಾವ,
ಕಾಗದದಿಂದ ಮಾತ್ರ ಇಳಿಯೂದಿಲ್ಲ.
ಇಳಸಬೇಕಾದಾಂವ ನಾನು. ಇಳಸಿಲ್ಲ.
ಬಿಳ್ಯಾನಸಿದ್ಧ ಅನ್ನೂ ಹೆಸರು
ಆನ್‌ಲೈನ್ ಚೌಕದಾಗ ಹಿಡಸಲಾರದ
ಬಿಳ್ಯಾನ ತನಕ ಬಂದು ನಿಂತಾನ,
ಸಿದ್ಧ ಹೊರಗಽ ಉಳದಾನ.

ಸಾಂಗಲಿಯ ಗಣಕಯಂತ್ರ ಹೋದ ವರ್ಷ
'ಒಂದು ಜಾಗಾ ಖಾಲಿ' ಅಂತ ಎಣಿಸಿತು.
ಯಾವ ಮಾಧ್ಯಮ ಅಂತ ಕೇಳಲಿಲ್ಲ.
ಶಿರಾಳದ ಹಸಿರಿನಿಂದ ಎದ್ದು ಬಂದರು ಖೋಚರೆ ಬಾಯಿ,
ಒಂದು ಟ್ರಂಕು, ಒಂದು ಟೇಬಲ್ ಫ್ಯಾನು, ಕನ್ನಡ ಸೊನ್ನೆ.
ಮೊದಲನೇ ದಿನ 'ಬಸಾ' ಅಂದರು, ಕೂಡ್ರಿ ಅಂತ.
ಒಂದನೇತ್ತೆಯ ಹುಡುಗರು ಬಸ್ಸು ಬಂತಂತ
ಹೋ ಅಂತ ಹೊರಗ ಓಡಿದುವು.
ಈ ವಸ್ತಿಗೆ ಬಸ್ಸು ಎಂದೂ ಬಂದಿಲ್ಲ.

ಸಮಿತಿಯ ಅಧ್ಯಕ್ಷ ಲಗಮಣ್ಣ ಅರ್ಜಿ ಕೊಟ್ಟ:
ಭಾಷೆ ಬಾರದವರು ಬ್ಯಾಡ.
ನ್ಯಾಯದ ಅರ್ಜಿ. ಹನ್ನೊಂದು ಸಹಿ, ನಾಕು ಹೆಬ್ಬೆಟ್ಟು.
ಜತ್ತಕ್ಕ ಮುಟ್ಟಿಸಬೇಕಾದಾಂವ ನಾನು.
ಡಿಕ್ಕಿಯೊಳಗ ಇಟ್ಟೆ. ಅಲ್ಲೇ ಉಳೀತು.
ಮರತೆನೋ, ಮರತಂಗ ಮಾಡಿದೆನೋ,
ಇಪ್ಪತ್ತಾರು ವರ್ಷದ ನೌಕರಿಯಾಗ
ಎರಡೂ ಒಂದಽ ಕೈಬರಹ ಆಗ್ಯಾವ.

ಮಳಿಗಾಲ ಮುಗಿದ ಮ್ಯಾಲ ಮತ್ತ ಹೋದೆ.
ಬಾಯಿ ಮಕ್ಕಳ ಚಾಪಿಯ ಮ್ಯಾಲ ಕುಂತಿದ್ದರು,
ಮೂರನೇತ್ತೆಯ ಮಾಯಕ್ಕ ಹಲಗಿ ಮುಂದ, ಕೈಯಾಗ ಕಡ್ಡಿ.
'ಅಕ್ಕೋರ, ನಿಮ್ಮ ಮರಾಠಿಗೆ ಒ ಒಂದಽ. ನಮಗ ಎರಡು.
ಗಿಡ್ಡಂದು ಒಲೆ. ಉದ್ದಂದು ಓಲೆ.'
'ಓಲೆ,' ಅಂದರು ಬಾಯಿ, ಎರಡಕ್ಕೂ.
ಮಾಯಕ್ಕ ಕಡ್ಡಿ ಅಡಿಗಿಖೋಲಿಗೆ ಚಾಚಿದಳು,
ಅಲ್ಲಿ ಸಾತವ್ವ ಊದತಿದ್ದಳು, ಹೊಗಿ, ಖಿಚಡಿ.
'ಅದು ಒಲೆ.'
ಆಮ್ಯಾಲ ಕಡ್ಡಿ ನನ್ನ ಕಡೆ ತಿರುಗಿತು.
'ಇವರು ತರ್ತಾರಲ್ಲ, ಅದು ಓಲೆ.'

ತಂದಿದ್ದೆ, ಖರೇನಽ.
ಇಪ್ಪತ್ತಕ್ಕಿಂತ ಕಡಿಮಿ ಪಟ ಇದ್ದ ಸಾಲಿ
ಐದು ಕಿಲೋಮೀಟರಿನ ಮರಾಠಿ ಸಾಲಿಯೊಳಗ ಕೂಡಸೂದು.
ಅಭಿಪ್ರಾಯ ಮೂರು ದಿನದಾಗ,
ಅಭಿಪ್ರಾಯ ಇಲ್ಲದಿದ್ದರ ಒಪ್ಪಿಗಿ ಅಂತ ತಿಳಿಯೂದು.

ಆ ಸರಕಾರಿ ಮರಾಠಿ ಲಗಮಣ್ಣಗ ತಿಳಿಯಲಿಲ್ಲ,
ನನಗ ತಿಳಿದದ್ದು ಹೇಳಾಕ ಬಾಯಿ ಬರಲಿಲ್ಲ.
ಬಾಯಿ ಓದಿದರು. ತಾವು ಕಲಿತಷ್ಟು ಕನ್ನಡದಾಗ,
ಎಡವಿಕೋತ, ಮಕ್ಕಳ ಮಾರಿ ನೋಡಿಕೋತ:
'ಈ ಒಲೆಯೊಳಗ ಬರದಾರ, ನಮ್ಮ ಸಾಲಿ ಇಲ್ಲ ಅಂತ.'
ನಮ್ಮ, ಅಂದರು.
ಮಾಯಕ್ಕ ಕಡ್ಡಿ ಎತ್ತಿದಾಕಿ ಕೆಳಗಿಟ್ಟಳು.
ಯಾರೂ ತಿದ್ದಲಿಲ್ಲ.

ಸಾತವ್ವ ಸೆರಗಿಗೆ ಕೈ ಒರಸಿ ಬಂದಳು,
'ಒಲೀದಽ ಇದ್ದರ ಕೊಡ್ರಿ ಇಲ್ಲೆ,' ಅಂದಳು.
ನಾ ಬೇವಿನ ಕಡೆ ನೋಡಿದೆ.
ಬೇವಿನಾಗ ನೋಡೂವಂಥಾದ್ದು ಏನೂ ಇದ್ದಿಲ್ಲ.
ಖಿಚಡಿ ಅವತ್ತು ಲಗೂನ ಕುದೀತು.

ಲಗಮಣ್ಣಗ ಅವನ ಅರ್ಜಿ ವಾಪಸ್ ಕೊಟ್ಟೆ.
ಮಡಚಿ ಟೊಪಗಿಯೊಳಗ ಇಟ್ಟುಕೊಂಡ:
'ಇರಲಿ ಬಿಡ್ರಿ. ಆಕಿ ಕನ್ನಡ ಇನ್ನೂ ಹೊಸಾದೈತಿ,
ನಮ್ಮದರಂಗ ಅಂಚು ಮುಕ್ಕಾಗಿಲ್ಲ.'

ಆವಕ ವಹಿಯಾಗ ಒಂದು ಗೆರಿ ಖಾಲಿ ಬಿಟ್ಟೀನಿ.
ಗೊತ್ತೈತಿ, ಅದಽ ಓಲೆ ಫೋನಿನಾಗೂ ಬಂದೈತಿ,
ಫೋನಿಗೆ ಒಲಿ ಇಲ್ಲ.
ಮೂರು ದಿನದಾಗ ಎರಡು ಉಳದಾವ,
ಅಭಿಪ್ರಾಯ ಯಾವ ಭಾಷಾದಾಗ ಬರೀಲಿ ಅಂತ
ಕಿಕ್ ಹೊಡಕೋತ ವಿಚಾರ ಮಾಡತಿದ್ದೆ.
ಹಿಂದಿಂದ ಮಾಯಕ್ಕ ಕೂಗಿದಳು:
'ಸಾಹೇಬ್ರ, ನಿಮ್ಮ ಡಿಕ್ಕಿ ತೆರದಽ ಐತಿ!'